ರನ್‌ವೇ ಅಂಚಿನ ಮುನಿಯಲ್ಲಮ್ಮ

ಯಲಹಂಕದ ಬಳಿಯ ಸಿಂಗಾಪುರ ಎಂಬ ಹಳ್ಳಿಯ ಆಚೆಯ ಪುಟ್ಟ ವಿಮಾನ ಮೈದಾನದಲ್ಲಿ ಇನ್ನೂ ಮಂಜು ಸರಿದಿಲ್ಲ. ಸೀರೆ ಎತ್ತಿ ಕಟ್ಟಿದ ಮುನಿಯಲ್ಲಮ್ಮ ಕುಡುಗೋಲು ಹಿಡಿದು ರನ್‌ವೇ ಅಂಚಿನ ಹುಲ್ಲು ಕೊಯ್ಯುತ್ತಿದ್ದಾರೆ. ನಡುವೆ ಎದ್ದು, ಒಳನುಗ್ಗಿದ ಎಮ್ಮೆಗಳನ್ನು ಗದರಿ ಓಡಿಸುತ್ತಾರೆ. ಅವು ಆಚೆ ಹೋದ ಮೇಲೆಯೇ ಹಾರಾಟ ಕ್ಲಬ್ಬಿನ ಮೊದಲ ವಿಮಾನ ಶೆಡ್ಡಿನಿಂದ ಹೊರಬರುವುದು.

ಮೈದಾನದ ಒಂದು ಮೂಲೆ ಹಿಂದೊಮ್ಮೆ ಅವರ ಮಾವನ ಹೊಲವಾಗಿತ್ತು. ಗಂಡ ತೀರಿಕೊಂಡ ಮೇಲೆ ಇಲ್ಲೇ ಕೂಲಿಗೆ ಸೇರಿದರು. ಇಬ್ಬರು ಹೆಣ್ಣುಮಕ್ಕಳನ್ನು ಇದೇ ದುಡಿಮೆಯಲ್ಲಿ ಬೆಳೆಸಿ ಮದುವೆ ಮಾಡಿದ್ದಾರೆ. ಕೊಯ್ದ ಹುಲ್ಲು ಮನೆಯ ಎರಡು ಹಸುಗಳಿಗೆ. ಹಾಲು ಯಲಹಂಕದ ಹೋಟೆಲಿಗೆ.

1981ರ ಕಾರ್ತಿಕದಲ್ಲಿ ಒಂದು ಬೆಳಗ್ಗೆ ಜಾಹಿದಾ ಎಂಬ ವಿದ್ಯಾರ್ಥಿನಿ ಒಬ್ಬಳೇ ಹಾರಿ ಹಿಂದಿರುಗುತ್ತಿದ್ದಳು. ವಿಮಾನ ನೆಲ ಮುಟ್ಟಿದ್ದೇ ತಡ, ಎಡಗಡೆಯ ಚಕ್ರ ಕಳಚಿ ಉರುಳಿತು. ರೆಕ್ಕೆ ನೆಲಕ್ಕೆ ಉಜ್ಜಿ, ವಿಮಾನ ಗಿರ್ರನೆ ತಿರುಗಿ ಪಕ್ಕದ ಹಳ್ಳಕ್ಕೆ ಮೂತಿ ಊರಿ ನಿಂತಿತು. ಶೆಡ್ಡು ದೂರ. ಹತ್ತಿರವಿದ್ದವರು ಮುನಿಯಲ್ಲಮ್ಮ ಒಬ್ಬರೇ.

“ಪೆಟ್ರೋಲ್ ವಾಸ್ನೆ ಬಂತು. ಆ ಮಗು ಬೆಲ್ಟ್‌ನಾಗೆ ಸಿಕ್ಕಾಕ್ಕೊಂಡು ಒದ್ದಾಡ್ತಿತ್ತು. ಅದನ್ನ ಬಿಚ್ಚಾಕೆ ನಂಗೆ ಬರಾಕಿಲ್ಲ. ಕೈಯಾಗೆ ಕುಡ್ಲಿತ್ತು, ಕೊಯ್ದೆ, ಈಚೆಗೆ ಎಳ್ಕೊಂಡೆ” ಎಂದು ಅವರ ಕತೆ ಕೇಳಲು ಬಂದ ನನಗೆ ಹೇಳುತ್ತಾರೆ.

ಕಾಲು ಮುರಿದಿದ್ದ ಹುಡುಗಿಯನ್ನು ರಾಗಿ ತಾಕಿನವರೆಗೆ ಎಳೆದುಕೊಂಡು ಹೋಗುವಷ್ಟರಲ್ಲಿ ವಿಮಾನಕ್ಕೆ ಬೆಂಕಿ ಹತ್ತಿತ್ತು. ಒಳಗೊಳಗೇ ಬಿರುಕು ಬಿಟ್ಟಿದ್ದ ಚಕ್ರದ ಬೋಲ್ಟು ಮುರಿದದ್ದೇ ಕಾರಣ, ಹಾರಿಸಿದವಳ ತಪ್ಪಿಲ್ಲ ಎಂದು ವಿಚಾರಣೆ ನಡೆಸಿದವರು ಹೇಳಿದರು. ಕ್ಲಬ್ಬಿನ ಮೆಕ್ಯಾನಿಕ್ ನಾಗಲಿಂಗಪ್ಪ ಇಂದಿಗೂ ಪ್ರತಿ ಹಾರಾಟಕ್ಕೆ ಮೊದಲು ಚಕ್ರದ ಬೋಲ್ಟುಗಳನ್ನು ಎರಡೆರಡು ಸಲ ನೋಡುತ್ತಾರೆ.

ಎಲ್ಲರೂ ಮುನಿಯಲ್ಲಮ್ಮನ ಧೈರ್ಯ ಹೊಗಳಿದರು. ಅವರೋ, ವಿಮಾನದ ಸದ್ದು ಕೇಳಿದರೆ ಸಾಕು, ಒಳಗೆ ಓಡಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ಮನೆಯಲ್ಲೇ ಉಳಿದರು.

ಕಾಲು ಕೂಡಿದ ಮೇಲೆ ಜಾಹಿದಾ ಅವರನ್ನು ಹುಡುಕಿಕೊಂಡು ಊರಿಗೆ ಬಂದಳು. ಹಾರಾಟ ಬಿಡುತ್ತಿದ್ದೇನೆಂದು ಹೇಳಿ ಹೋಗಲು ಬಂದವಳು, ಕೊಟ್ಟಿಗೆಯಲ್ಲಿ ಕೂತು ಕಾಫಿ ಕುಡಿಯುತ್ತಾ ತನ್ನ ಭಯವನ್ನೆಲ್ಲ ತೋಡಿಕೊಂಡಳು. ಮುನಿಯಲ್ಲಮ್ಮನೂ ತಮ್ಮದನ್ನು ಮುಚ್ಚಿಡಲಿಲ್ಲ.

“ನೀವು ಬಂದ್ರೆ ನಾನೂ ಬರ್ತೀನಮ್ಮಾ” ಎಂದಳು ಜಾಹಿದಾ.

ಮುನಿಯಲ್ಲಮ್ಮ ಹಸುವಿನ ಬೆನ್ನು ಸವರುತ್ತಾ ಹೇಳಿದರು: “ನೀನು ಇಳಿಯೋಗಂಟ ಅಲ್ಲೇ ನಿಂತಿರ್ತೀನಿ. ಓಗು.”

ಜಾಹಿದಾ ಮತ್ತೆ ಹಾರಿದ ದಿನ ಹಾಗೇ ನಿಂತರು. ವಿಮಾನ ಕೆಳಗಿಳಿಯುವಾಗ ಮಾತ್ರ ಕಣ್ಣು ಮುಚ್ಚಿಕೊಂಡಿದ್ದೆ ಎಂದು ಈಗ ನಗುತ್ತಾರೆ. ಮರುದಿನವೇ ಕೆಲಸಕ್ಕೆ ಮರಳಿದರು.

ಇದಾಗಿ ಎರಡು ವರ್ಷವಾಗುತ್ತಾ ಬಂತು. ಲೈಸೆನ್ಸ್ ಪಡೆದ ಜಾಹಿದಾ, ಒಮ್ಮೆ ಹೆಸರಘಟ್ಟದ ಕೆರೆಯನ್ನು ಮೇಲಿಂದ ತೋರಿಸುತ್ತೇನೆ ಬನ್ನಿ ಎಂದು ಕರೆಯುತ್ತಲೇ ಇದ್ದಾಳೆ. ಯಾಕೆ ಹೋಗಿಲ್ಲ, ಇನ್ನೂ ಭಯವೇ ಎಂದು ಕೇಳುತ್ತೇನೆ. ಮುನಿಯಲ್ಲಮ್ಮ ಹಣೆಗೆ ಕೈ ಅಡ್ಡ ಹಿಡಿದು, ಇಳಿಯಲು ಬರುತ್ತಿರುವ ವಿಮಾನವನ್ನು ನೋಡುತ್ತಿದ್ದಾರೆ. ಅದರ ಚಕ್ರ ನೆಲ ಮುಟ್ಟಿ ಓಡಿ ನಿಲ್ಲುವವರೆಗೂ ನೋಟ ತೆಗೆಯುವುದಿಲ್ಲ. ಆಮೇಲೆ ನನ್ನ ಕಡೆ ತಿರುಗುತ್ತಾರೆ.

“ಭಯ ಏನಿಲ್ಲ ಸ್ವಾಮಿ. ನಾನೂ ಮೇಲಕ್ಕೋದ್ರೆ ಕೆಳಗ್ಯಾರಿರ್ತಾರೆ?”