ಅಮ್ಮನ ಗೆಳತಿಯರ ಟೈಪಿಂಗ್ ಪರೀಕ್ಷೆ

ನನ್ನ ಎಂ.ಟೆಕ್ ಪದವಿ ನಿಂತಿದ್ದು ರಾಜಧಾನಿಯ ಲೋಧಿ ಕಾಲೋನಿಯ ಆಂಟಿಯರ ಬೆರಳುಗಳ ಮೇಲೆ. ಎರಡು ಸಾವಿರದ ದಶಕದ ಮೊದಮೊದಲ ವರ್ಷಗಳು. ಟೈಪಿಂಗ್ ಕಲಿಸುವ ಪ್ರೋಗ್ರಾಮ್ ಒಂದನ್ನು ಬರೆದಿದ್ದೆ. ಯಾವ ಅಕ್ಷರದಲ್ಲಿ ಬೆರಳು ತಡವರಿಸುತ್ತದೋ ಅದನ್ನೇ ಮತ್ತೆ ಮತ್ತೆ ಕೊಟ್ಟು, ಕಲಿಯುವವರಿಗೆ ತಕ್ಕಂತೆ ತಾನೇ ಬದಲಾಗುವ ಜಾಣ ಪ್ರೋಗ್ರಾಮ್. ಜಾಣ ಅಂತ ನಾನು ಹೇಳಿಕೊಂಡರೆ ಸಾಕೇ? ಎಲ್ಲರಿಗೂ ಒಂದೇ ಪಾಠ ಕೊಡುವ ಸಾದಾ ಪ್ರೋಗ್ರಾಮಿನ ಜೊತೆ ಹೋಲಿಸಿ ಸಾಬೀತು ಮಾಡು, ಇಲ್ಲದಿದ್ದರೆ ಡಿಗ್ರಿ ಇಲ್ಲ ಎಂದರು ಗೈಡ್.

ಜನರನ್ನು ಎಲ್ಲಿಂದ ತರುವುದು? ಅಮ್ಮ ಇದ್ದಳಲ್ಲ! ಸರ್ಕಾರಿ ಕ್ವಾರ್ಟರ್ಸಿನ ಕನ್ನಡದ ಹೆಂಗಸರನ್ನೆಲ್ಲ ತಿಂಗಳಿಡೀ ಮಧ್ಯಾಹ್ನದ ಕಾಫಿಗೆ ಕರೆದು, ಒಬ್ಬೊಬ್ಬರನ್ನಾಗಿ ನಮ್ಮ ಕಂಪ್ಯೂಟರಿನ ಮುಂದೆ ಕೂರಿಸಿದಳು. ಅರ್ಧ ಜನಕ್ಕೆ ಜಾಣ, ಅರ್ಧ ಜನಕ್ಕೆ ಸಾದಾ. ಯಾರಿಗೆ ಯಾವುದು ಎಂಬುದು ನನಗೂ ಅಮ್ಮನಿಗೂ ಮಾತ್ರ ಗೊತ್ತು. ಕೊನೆಯ ಪರೀಕ್ಷೆಯಲ್ಲಿ ಜಾಣ ಗುಂಪು ಮಿಂಚು, ಸಾದಾ ಗುಂಪು ಬಸವನಹುಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮರುದಿನ ಮನೆಗೆ ಬಂದರೆ ಒಳಗೆ ಪಟಪಟ ಸದ್ದು. ಸಾದಾ ಗುಂಪಿನಲ್ಲೂ ತೀರಾ ಹಿಂದಿದ್ದ ಕೊಡಗಿನ ಆಂಟಿ ನಮ್ಮ ಕಂಪ್ಯೂಟರಿನಲ್ಲಿ ಇ-ಮೇಲ್ ಬರೆಯುತ್ತಿದ್ದರು.

"ಆಂಟೀ! ಈ ಸ್ಪೀಡ್ ನಿನ್ನೆ ಎಲ್ಲಿತ್ತು?"

"ಅಯ್ಯೋ, ನಂಗೆ ಕೊಟ್ಟಿದ್ದು ನಿನ್ನ ಪ್ರೋಗ್ರಾಮ್ ಅಲ್ವಂತೆ, ನಿಮ್ಮಮ್ಮ ಹೇಳಿದ್ರು. ಅದರಲ್ಲಿ ಬೇಗ ಬೇಗ ಹೊಡೆದ್ರೆ ನಿನ್ನ ಗತಿ ಏನು ಮಗಳೇ? ನಾವೆಲ್ಲ ಬೇಕಂತಲೇ ನಿಧಾನ ಮಾಡಿದ್ವಿ."

ಮೊದಲೇ ನನಗೆ ಮೂಗಿನ ತುದಿಯಲ್ಲಿ ಕೋಪ. "ಅಮ್ಮಾ, ನನ್ನ ಡಿಗ್ರಿಗೇ ಕಲ್ಲು ಹಾಕಿಬಿಟ್ಟೆಯಲ್ಲ!" ಎಂದು ಕೂಗಾಡಿದೆ. ಸಹಾಯ ಮಾಡಿದ್ದೂ ತಪ್ಪಾ ಎಂದು ಅಮ್ಮ ಮುಖ ಊದಿಸಿಕೊಂಡಳು.

ಎಲ್ಲರಿಂದ ದೇವರ ಮೇಲೆ ಆಣೆ ಹಾಕಿಸಿ ಇನ್ನೊಮ್ಮೆ ಪರೀಕ್ಷೆ ಮಾಡಿದೆ. ಎರಡು ಗುಂಪೂ ಸಮಸಮ. ಎಲ್ಲರಿಗಿಂತ ಮುಂದೆ ಕೊಡಗಿನ ಆಂಟಿ!

"ಅದ್ಹೇಗೆ ಕಲಿತ್ರಿ ಆಂಟಿ?"

"ಮಗ ಆರ್ಮಿಯಲ್ಲಿ ಇದ್ದಾನಲ್ಲ. ಈಗ ಬೆಟ್ಟದ ಮೇಲಿನ ಪೋಸ್ಟು, ಫೋನ್ ಸಿಗಲ್ಲ. ನೀನು ಕಾಲೇಜಿಗೆ ಹೋದ್ಮೇಲೆ ದಿನಾ ಇಲ್ಲಿ ಕೂತು ಅವನಿಗೆ ಬರೀತೀನಿ. ಕೆಳಗೆ ಇಳಿದ ದಿನ ಎಲ್ಲಾ ಒಟ್ಟಿಗೆ ಓದ್ತಾನೆ. ಇನ್ನೂ ಇಳಿದಿಲ್ಲ."

ಗೈಡ್ ಎದುರು ತಲೆ ತಗ್ಗಿಸಿ ಎಲ್ಲವನ್ನೂ ಹೇಳಿದೆ, ಆಂಟಿಯ ವಿಷಯವನ್ನೂ. ಅವರು "ಅಚ್ಛಾ, ಜೋ ಆಯಾ ವಹೀ ಲಿಖೋ" ಎಂದರು. ಬಂದದ್ದನ್ನೇ ಬರೆದೆ. ನಂಬುತ್ತೀರೋ ಇಲ್ಲವೋ, ಪಾಸಾದೆ!

ಲಡ್ಡು ಹಿಡಿದು ಆಂಟಿಯ ಮನೆಗೆ ಓಡಿದೆ. ಬಾಯಿ ತೆರೆಯುವ ಮೊದಲೇ ಅವರು ನನ್ನ ಎರಡೂ ಕೈ ಹಿಡಿದುಕೊಂಡರು.

"ಇಳಿದ್ನಂತೆ ಕಣೇ! ಎಲ್ಲಾ ಓದಿದ್ನಂತೆ!"

ಇಬ್ಬರೂ ಬಾಗಿಲಲ್ಲೇ ನಿಂತು ಅತ್ತೆವು. ಡಿಗ್ರಿಯ ಸುದ್ದಿ ಆಮೇಲೆ ಹೇಳಿದೆ.