ಸುಂದರಣ್ಣನ ರೀಲಿಗೆ ಯಾವ ಗ್ರೀಸು

ಗ್ರೀಸು ಎಂದರೆ ಮೂಗು ಮುರಿಯುವವರನ್ನು ಕಂಡರೆ ನನಗೆ ಆಗುವುದಿಲ್ಲ. ಕುಂದಾಪುರದಲ್ಲಿ ಬೋಟಿನ ಸಾಮಾನಿನ ಅಂಗಡಿ ಇಟ್ಟುಕೊಂಡು ಸಂಸಾರ ಸಾಗಿಸಿದವನು ನಾನು; ಉಂಡ ಅನ್ನದಲ್ಲಿ ಅರ್ಧ ಪಾಲು ಗ್ರೀಸಿನಿಂದಲೇ ಬಂದದ್ದು. ಮೀನು ತಾಜಾ ಇರಬೇಕು, ಅಗ್ಗಕ್ಕೂ ಸಿಗಬೇಕು ಎಂದು ಮಾರುಕಟ್ಟೆಯಲ್ಲಿ ಜೋರು ಮಾಡುವವರಿಗೆ ಆ ಮೀನಿನ ಹಿಂದೆ ಮೊಣಕೈವರೆಗೆ ಗ್ರೀಸು ಬಳಿದುಕೊಂಡ ಒಬ್ಬ ಮನುಷ್ಯ ಇರುತ್ತಾನೆ ಎಂಬುದು ಹೊಳೆಯುವುದೇ ಇಲ್ಲ. ನಮ್ಮ ಪಕ್ಕದ ಕಡಲ ದಡದ ಊರು ಕೋಡಿಯ ಸುಂದರಣ್ಣ ಅಂಥ ಮನುಷ್ಯ.

ಅವನು ಟ್ರಾಲ್ ಬೋಟಿನಲ್ಲಿ ವಿಂಚು ನೋಡಿಕೊಳ್ಳುತ್ತಿದ್ದ. ವಿಂಚು ಎಂದರೆ ಬಲೆಯ ಹಗ್ಗವನ್ನು ಸುತ್ತಿ ಸುತ್ತಿ ಮೇಲಕ್ಕೆಳೆಯುವ ಯಂತ್ರ. ಉಪ್ಪು ನೀರಿನಲ್ಲಿ ತೋಯ್ದು, ಬಿಸಿಲಲ್ಲಿ ಕಾದು, ಅದು ಬೇಗ ತುಕ್ಕು ಹಿಡಿಯುತ್ತದೆ. ಮಳೆಗಾಲದಲ್ಲಿ ಬೋಟುಗಳು ಕಡಲಿಗಿಳಿಯದ ಆ ತಿಂಗಳುಗಳಲ್ಲಿ ವಿಂಚನ್ನು ಬಿಚ್ಚಿ, ತೊಳೆದು, ಹೊಸ ಗ್ರೀಸು ತುಂಬಿಸಬೇಕು. ಆ ಕೆಲಸಕ್ಕೆ ಮಾಲೀಕರು ಸುಂದರಣ್ಣನ ಮನೆ ಬಾಗಿಲಿಗೇ ಹೋಗುತ್ತಿದ್ದರು. ಅವನ ಪದ್ಧತಿ ಒಂದೇ: ಹಳೆಯ ಗ್ರೀಸೆಲ್ಲ ಇನ್ನೊಂದು ಬದಿಯಿಂದ ಹೊರಬಂದು, ಹೊಸದೂ ಸ್ವಲ್ಪ ಇಣುಕುವವರೆಗೆ ತುಂಬಿಸುವುದು. ಒಳಗೆ ಗ್ರೀಸು ತುಂಬಿದ್ದರೆ ಉಪ್ಪು ನೀರಿಗೆ ಎಲ್ಲಿ ಜಾಗ ಎನ್ನುತ್ತಿದ್ದ. ಸುಂದರಣ್ಣ ಗ್ರೀಸು ಹಾಕಿದ ವಿಂಚು ವರ್ಷವಿಡೀ ಕಿರಿಕಿರಿ ಮಾಡುವುದಿಲ್ಲ ಎಂದು ಅಳಿವೆಯಾಚೆಯ ಗಂಗೊಳ್ಳಿಯವರೂ ಒಪ್ಪುತ್ತಿದ್ದರು. ಆ ಮಾತು ಕಿವಿಗೆ ಬಿದ್ದ ದಿನ ಅವನ ನಡಿಗೆಯೇ ಬೇರೆ ಇರುತ್ತಿತ್ತು.

ಹೀಗೆ ಸಾಕಿ ಸಲಹಿದ ವಿಂಚೇ ಅವನ ಕೈ ತಿಂದಿತು. ಎರಡು ಸಾವಿರದ ಮೂರೋ ನಾಲ್ಕೋ ಇರಬೇಕು. ಬಲೆ ಎಳೆಯುವಾಗ ಹಗ್ಗದ ಜೊತೆ ಬಲಗೈಯೂ ಸುತ್ತಿಕೊಂಡಿತು. ಬೆರಳುಗಳು ಉಳಿದವು, ಆದರೆ ಮೂರು ಬೆರಳು ಮಡಚುವುದಿಲ್ಲ. ಹೆಬ್ಬೆರಳು, ತೋರುಬೆರಳುಗಳಲ್ಲಿ ಮಾತ್ರ ಒಂದಿಷ್ಟು ಜೀವ. ಹಗ್ಗ ಹಿಡಿಯಲಾಗದವನನ್ನು ಯಾವ ಬೋಟು ಕರೆದೊಯ್ದೀತು? ಮಳೆಗಾಲದಲ್ಲಿ ಮಾತ್ರ ಮಾಲೀಕರು ಬಂದು ಅವನನ್ನು ವಿಂಚಿನ ಪಕ್ಕ ಕೂರಿಸಿ, ಗ್ರೀಸು ಹಾಕುವವರಿಗೆ ಅದು ಹೀಗೆ, ಇದು ಹಾಗೆ ಎಂದು ಹೇಳಿಸುತ್ತಿದ್ದರು. ಉಳಿದ ದಿನ ಅವನು ದಡದಲ್ಲಿ ಕೂತು ಬೋಟುಗಳು ಅಳಿವೆ ದಾಟುವುದನ್ನು ನೋಡುವುದು. ಹೆಂಡತಿ ಚಂದ್ರಮತಿ ಬುಟ್ಟಿ ಹೊತ್ತು ಕುಂದಾಪುರದ ಮಾರುಕಟ್ಟೆಯಲ್ಲಿ ಮೀನು ಮಾರಿ ಮನೆ ನಡೆಸಿದಳು. ಮನೆಗೇನೂ ಕೊರತೆಯಾಗಲಿಲ್ಲ. ಗಂಡಸು ಮಾತ್ರ ಒಳಗೊಳಗೇ ಸೊರಗಿದ.

ಏಳೆಂಟು ವರ್ಷ ಕಳೆದ ಮೇಲೆ ಚಂದ್ರಮತಿಯ ತಮ್ಮ ಪ್ರೇಮಾನಂದ ಮುಂಬೈಯಿಂದ ಊರಿಗೆ ಬಂದಾಗ ಭಾವನಿಗೆಂದು ಗಾಳ ಹಾಕುವ ಒಂದು ರಾಡು, ಅದಕ್ಕೆ ದಾರ ಸುತ್ತುವ ಒಂದು ರೀಲು ತಂದುಕೊಟ್ಟ. ಹುಡುಗಾಟದ ಸಾಮಾನು ಎಂದು ಸುಂದರಣ್ಣ ಮೊದಲು ತಾತ್ಸಾರ ಮಾಡಿದ. ನಮ್ಮ ಕಡೆಯವರಿಗೆ ಗಾಳವೆಂದರೆ ಕೈಯಲ್ಲೇ ದಾರ ಬಿಟ್ಟು ಕೈಯಲ್ಲೇ ಎಳೆಯುವುದು. ಆದರೆ ಒಂದು ಸಂಜೆ ಅಳಿವೆಯ ಬದಿಯ ಬಂಡೆಯ ಮೇಲೆ ನಿಂತು ಗಟ್ಟಿಯಿದ್ದ ಎಡಗೈಯಲ್ಲಿ ರಾಡು ಹಿಡಿದ, ಬಲಗೈಯ ಎರಡು ಬೆರಳಿನಿಂದ ರೀಲಿನ ಹಿಡಿಕೆ ತಿರುಗಿಸಿದ. ಅದು ತಿರುಗಿತು. ಹೊಸ ರೀಲು, ಹಗುರ. ಎರಡು ಬೆರಳು ಸಾಕಾಯಿತು. ಅಂದು ಸಿಕ್ಕಿದ ಕೆಂಬೇರಿ ಮೀನು ಅಂಗೈ ಅಗಲದ್ದಾದರೂ ಅವನು ಅದನ್ನು ಹಿಡಿದುಕೊಂಡು ಇಡೀ ಕೋಡಿ ಸುತ್ತಿ ಮನೆಗೆ ಹೋದ. ಬಂಡೆಯಿಂದ ಮನೆಗೆ ನೇರ ದಾರಿಯೇ ಇತ್ತು.

ಆ ಬೇಸಿಗೆಯಲ್ಲಿ ಅವನನ್ನು ಹಿಡಿಯುವವರೇ ಇರಲಿಲ್ಲ. ಅವನ ಗಾಳಗಾರಿಕೆ ನೋಡಿ ಗೋವರ್ಧನ ಒಂದು ಮಾತು ಕೊಟ್ಟ. ಗೋವರ್ಧನನದ್ದು ಸಣ್ಣ ದೋಣಿ. ನಾಲ್ಕು ಜನರನ್ನು ಕೂರಿಸಿಕೊಂಡು ಕಡಲೊಳಗಿನ ಪಾರೆಗಲ್ಲುಗಳ ಹತ್ತಿರ ಹೋಗಿ ಗಾಳ ಹಾಕಿ ದೊಡ್ಡ ಮೀನು ಹಿಡಿಯುವ ಕಸುಬು. ಮಳೆಗಾಲ ಮುಗಿದು ಕಡಲು ತಣ್ಣಗಾಗಲಿ, ನಿಮಗೊಂದು ಜಾಗ ಇಟ್ಟಿರುತ್ತೇನೆ ಎಂದ. ಮತ್ತೆ ಕಡಲಿಗೆ ಹೋಗುವ ಆಸೆಯನ್ನು ಸುಂದರಣ್ಣ ಯಾರಲ್ಲೂ ಬಾಯಿಬಿಟ್ಟು ಹೇಳಿರಲಿಲ್ಲ. ಆ ದಿನ ನನ್ನ ಅಂಗಡಿಗೆ ಬಂದು, ಏನನ್ನೂ ಕೊಳ್ಳದೆ, ಒಂದು ಗಂಟೆ ಕೂತು ಹರಟಿ ಹೋದ.

ಮಳೆ ಹಿಡಿಯಿತು. ಮಳೆಗಾಲ ಬಂದರೆ ಬೋಟಿನವನ ಕೈ ಸುಮ್ಮನಿರುತ್ತದೆಯೇ? ರೀಲು ಬಿಚ್ಚಿದ. ಒಳಗೆ ನೋಡಿದರೆ ಹಲ್ಲಿನ ಚಕ್ರಗಳಿಗೆ ಸವರಿದಂತೆ ತೆಳ್ಳಗೆ ಏನೋ ಇದೆ, ಉಳಿದದ್ದೆಲ್ಲ ಖಾಲಿ. ಕಂಪನಿಯವರ ಜಿಪುಣತನಕ್ಕೆ ಚೆನ್ನಾಗಿ ಬೈದು, ಮನೆಯಲ್ಲಿದ್ದ ವಿಂಚಿನ ಕಂದು ಗ್ರೀಸನ್ನು ತಂದು, ಇಷ್ಟೂ ಜಾಗ ಬಿಡದೆ ತುಂಬಿಸಿದ. ಹೊರಗೆ ಇಣುಕಿದ್ದನ್ನು ಬಟ್ಟೆಯಲ್ಲಿ ಒರೆಸಿ, ಪ್ಲಾಸ್ಟಿಕ್ಕಿನಲ್ಲಿ ಸುತ್ತಿ, ಅಟ್ಟದ ಮೇಲೆ ಇಟ್ಟ. ಮಗುವಿಗೆ ಹೊದೆಸಿ ಮಲಗಿಸಿದ ಹಾಗೆ.

ಕಡಲು ಇಳಿದ ಮೇಲೆ ತೆಗೆದು ಹಿಡಿಕೆ ತಿರುಗಿಸಿದರೆ ಅದು ಅಲುಗಲು ಒಪ್ಪಲಿಲ್ಲ. ಎರಡು ಬೆರಳು ಬಿಳಿಚಿದವು, ಮೊಣಕೈವರೆಗೆ ನೋವು ಏರಿತು, ಹಿಡಿಕೆ ಮುಕ್ಕಾಲು ಸುತ್ತು ಬಂದು ನಿಂತಿತು. ಮರುದಿನವೂ ಹಾಗೆಯೇ. ಅವನಿಗೆ ಗ್ರೀಸಿನ ಮೇಲೆ ಸಂಶಯ ಬರಲಿಲ್ಲ, ಬರುವುದು ಸಾಧ್ಯವೂ ಇರಲಿಲ್ಲ. ಗ್ರೀಸು ಹಾಕಿದವನು ಅವನೇ ಅಲ್ಲವೇ? ಮಳೆಗಾಲದ ಥಂಡಿಗೆ ಕೈಯಲ್ಲಿ ಉಳಿದಿದ್ದ ಜೀವವೂ ಹೋಯಿತು ಎಂದೇ ತಿಳಿದ. ಯಾರಿಗೂ ತೋರಿಸದೆ ಕೊಬ್ಬರಿ ಎಣ್ಣೆ ಬಿಸಿ ಮಾಡಿ ತಿಕ್ಕಿಕೊಂಡ. ಕಡೆಗೆ ಗೋವರ್ಧನನ ಮನೆಗೆ ಹೋಗಿ ಅಂಗಳದಲ್ಲೇ ನಿಂತು ಹೇಳಿದ:

“ನನ್ ಕೈ ಮುಗ್ದ್ ಹೋಯ್ತ್ ಮಾರಾಯಾ. ನೀ ಬೇರೆಯವ್ರನ್ನ ಕಾಣ್.”

ಗೋವರ್ಧನನಿಗೆ ಬೇಸರವಾಯಿತು. ಆದರೂ ದೋಣಿ ಖಾಲಿ ಹೋಗಬಾರದಲ್ಲ, ಹೆಮ್ಮಾಡಿಯ ಒಬ್ಬನನ್ನು ಕೇಳಿದ. ಆ ಮನುಷ್ಯ ಬರುವ ವಾರ ತಿಳಿಸುತ್ತೇನೆ ಎಂದ. ಸುಂದರಣ್ಣ ಮನೆಗೆ ಬಂದು ರಾಡನ್ನು ಮೂಲೆಗೆ ಸೇರಿಸಿ, ಊಟಕ್ಕೂ ಏಳದೆ ಮಲಗಿದ.

ಚಂದ್ರಮತಿ ಸುಮ್ಮನೆ ಕಣ್ಣೀರು ಹಾಕಿ ಕೂರುವ ಹೆಂಗಸಲ್ಲ. ಅವಳಿಗೆ ಬಂದದ್ದು ಸಿಟ್ಟು. ನನ್ನ ಗಂಡನನ್ನು ಹೀಗೆ ಮಲಗಿಸಿದ ಆ ಸಾಮಾನು ಎಂಥದ್ದೆಂದು ನೋಡಿಯೇಬಿಡುತ್ತೇನೆ ಎಂದು ರಾಡನ್ನು ಎತ್ತಿಕೊಂಡು ಹಿಡಿಕೆಗೆ ಕೈ ಹಾಕಿದಳು. ಮೀನಿನ ಬುಟ್ಟಿ ಎತ್ತಿ ಇಳಿಸಿದ ಕೈ ಅದು, ನಮ್ಮಂಥವರು ನಾಲ್ಕು ಜನ ಸೇರಿದರೂ ಆ ಶಕ್ತಿ ಬಾರದು. ಅವಳು ತಿರುಗಿಸಿದಳು. ಹಿಡಿಕೆ ಮುಕ್ಕಾಲು ಸುತ್ತು ಬಂದು ನಿಂತಿತು.

“ಹ್ವಾಯ್, ಇಲ್ ಬನ್ನಿ ಕಾಂಬ,” ಎಂದು ಗಂಡನನ್ನು ಎಬ್ಬಿಸಿದಳು. “ಇದ್ ನನ್ ಕೈಗೂ ತಿರ್ಗುದಿಲ್ಲೆ. ನನ್ ಕೈ ಯಾವ ವಿಂಚಿಗ್ ಸಿಕ್ಕಿದ್ದ್?”

ಸುಂದರಣ್ಣ ಎದ್ದು ಕೂತ. ರೀಲನ್ನು ನೋಡಿದ, ಹೆಂಡತಿಯ ಕೈ ನೋಡಿದ, ಆಮೇಲೆ ತನ್ನ ಕೈ. ತಪ್ಪು ಕೈಯದ್ದಲ್ಲ, ತಾನು ತುಂಬಿಸಿದ ಗ್ರೀಸಿನದ್ದು ಎಂದು ಅವನಿಗೆ ಹೊಳೆದದ್ದು ಆಗಲೇ ಎಂದು ಚಂದ್ರಮತಿಯೇ ನನಗೆ ಹೇಳಿದ್ದು.

ಮರುದಿನ ನಾನು ಅಂಗಡಿ ಬಾಗಿಲು ತೆಗೆಯುವಾಗಲೇ ಅವನು ಹೊರಗೆ ನಿಂತಿದ್ದ. ರೀಲು ಹೆಗಲ ಬೈರಾಸಿನಲ್ಲಿ ಸುತ್ತಿಕೊಂಡು ಕಂಕುಳಲ್ಲಿತ್ತು. ತೆಳ್ಳಗಿನ ಗ್ರೀಸು ಇದೆಯೇ, ನನಗಲ್ಲ, ಒಬ್ಬರಿಗೆ ಬೇಕಾಗಿತ್ತು ಎಂದ. ಆ ಒಬ್ಬರು ಯಾರೆಂದು ನಾನು ಕೇಳಲಿಲ್ಲ. ಬೈರಾಸಿನಿಂದ ಹಿಡಿಕೆ ಹೊರಗೆ ಇಣುಕುತ್ತಿತ್ತು.

ಇದ್ದ ಡಬ್ಬಿಗಳನ್ನೆಲ್ಲ ಮುಂದಿಟ್ಟೆ. ಒಡೆದ ಹೆಂಚಿನ ತುಂಡಿನ ಮೇಲೆ ಎಲ್ಲದರದ್ದೂ ಒಂದೊಂದು ಬೊಟ್ಟು ಇಟ್ಟುಕೊಂಡು, ಹೆಬ್ಬೆರಳು ತೋರುಬೆರಳಿನ ನಡುವೆ ತೆಗೆದು ಉಜ್ಜಿ ನೋಡಿದ. ಉಜ್ಜಿದ್ದು ಬಲಗೈಯಲ್ಲಿ. ಗಟ್ಟಿ ಕೈಗೆ ಎಲ್ಲ ಗ್ರೀಸೂ ಮೆತ್ತಗೇ ಅನಿಸುತ್ತದೆ, ಈ ಸೋತ ಕೈಗಾದರೆ ಸ್ವಲ್ಪ ಬಿಗಿಯಿದ್ದರೂ ಗೊತ್ತಾಗುತ್ತದೆ ಎಂದ. ಆಮೇಲೆ ಹೆಂಚಿನ ಮೇಲೆ ಉಪ್ಪು ನೀರು ಹಾಕಿ ಬಿಸಿಲಿಗಿಟ್ಟ. ಹಳದಿ ಗ್ರೀಸು ನೀರಿನ ಜೊತೆ ಸೇರಿ ಹಾಲಿನ ಹಾಗಾಯಿತು, ಅದನ್ನು ಬಿಟ್ಟ. ಗಾಡಿ ಚಕ್ರದ ಬೇರಿಂಗಿಗೆ ಹಾಕುವ ನೀಲಿಯದ್ದಕ್ಕೆ ನೀರು ಏನೂ ಮಾಡಲಿಲ್ಲ, ಆದರೆ ಬೆರಳಿಗೆ ಬಿಗಿ. ವ್ಯಾಸಲೀನು ಆಗದೇ ಎಂದು ನಾನು ಬಾಯಿ ಹಾಕಿದೆ. ಬಿಸಿಲಿಗೆ ಕರಗಿ ಹರಿದುಹೋದ ಮೇಲೆ ರೀಲಿನ ಹಲ್ಲು ನೀನು ತಂದುಕೊಡುತ್ತೀಯಾ ಎಂದು ನನ್ನನ್ನೇ ಗದರಿದ. ಕೊನೆಗೆ ಉಳಿದದ್ದು ದೋಣಿ ಇಂಜಿನಿನ ಸಣ್ಣ ಭಾಗಗಳಿಗೆಂದು ನಾನು ತರಿಸಿಡುತ್ತಿದ್ದ ಬಿಳಿ ಗ್ರೀಸು. ಬೆಣ್ಣೆಯಷ್ಟು ಮೆತ್ತಗೆ, ನೀರಿಗೂ ಜಗ್ಗಲಿಲ್ಲ.

ಅಂಗಡಿಯ ಹಿಂದೆಯೇ ಕೂತು ಒಳಗಿನ ಕಂದು ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆದು ತೆಗೆದ. ಹಲ್ಲಿನ ಚಕ್ರಕ್ಕೆ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಬಿಳಿಯದನ್ನು ಸವರಿದ. ಸಣ್ಣ ಬೇರಿಂಗುಗಳಿಗೆ ಹೊಲಿಗೆ ಮೆಶಿನಿನ ಎಣ್ಣೆ ಒಂದೊಂದು ಹನಿ. ಇನ್ನಷ್ಟು ಹಾಕಲು ಬೆರಳು ಡಬ್ಬಿಯ ಕಡೆ ಹೋಗುತ್ತಿತ್ತು, ತಾನೇ ಎಳೆದುಕೊಳ್ಳುತ್ತಿದ್ದ. ಮೂವತ್ತು ವರ್ಷದ ಅಭ್ಯಾಸ, ಪಾಪ. ಮುಚ್ಚಿ ಹಿಡಿಕೆಗೆ ಒಂದು ಬೆರಳು ತಾಗಿಸಿದ. ಅದು ಸುತ್ತಿತು.

ಇಷ್ಟಾದ ಮೇಲೆ ಸೀದಾ ಗೋವರ್ಧನನ ಹತ್ತಿರ ಹೋಗಬೇಕಿತ್ತೋ ಇಲ್ಲವೋ? ಹೋಗಲಿಲ್ಲ. ಕೈ ಹೋಯಿತು ಎಂದರೆ ಊರು ಅಯ್ಯೋ ಎನ್ನುತ್ತದೆ. ಸುಂದರಣ್ಣ ಗ್ರೀಸು ತಪ್ಪಿ ಹಾಕಿದ ಎಂದರೆ ನಗುತ್ತದೆ. ಇಷ್ಟು ವರ್ಷ ಅವನ ಹತ್ತಿರ ಉಳಿದಿದ್ದದ್ದು ಗ್ರೀಸಿನ ಹೆಸರೊಂದೇ, ಅದನ್ನೂ ದಡದ ಮೇಲೆ ಹರಾಜಿಗಿಡಲು ಅವನಿಗೆ ಮನಸ್ಸಿಲ್ಲ. ಹೆಮ್ಮಾಡಿಯವನೇ ಹೋಗಲಿ, ನನಗೆ ಬಂಡೆ ಸಾಕು ಎಂದು ಸಾಧಿಸಿದ. ನನಗೆ ಮೈಯೆಲ್ಲ ಉರಿಯಿತು. ಆದರೆ ನನ್ನ ಮಾತು ಅವನು ಎಂದು ಕೇಳಿದ್ದ? ಮಾತಾಡಿದ್ದು ಚಂದ್ರಮತಿ.

“ಕೈ ಹೋಯ್ತ್ ಅಂದ್ಕಂಡ್ ಮನಿಯೊಳ್ಗ್ ಕೂಕಂಬುದ್ ಬೇಕಾ, ಗ್ರೀಸ್ ತಪ್ಪಿತ್ ಅಂದ್ಕಂಡ್ ಕಡ್ಲಿಗ್ ಹೋಪುದ್ ಬೇಕಾ? ನೀವೇ ಹೇಳಿ.”

ಇದಾದ ಮೂರನೆಯ ಸಂಜೆ ದಡದಲ್ಲಿ ದೋಣಿಯವರೆಲ್ಲ ಕೂತು ಬಲೆ ಸರಿ ಮಾಡುತ್ತಿದ್ದಾಗ ರಾಡು ಹಿಡಿದುಕೊಂಡು ಬಂದ. ನಾನೂ ಅಲ್ಲಿದ್ದೆ. ಗೋವರ್ಧನನನ್ನು ಒಂದು ಬದಿಗೆ ಕರೆದು ಗುಟ್ಟಾಗಿ ಹೇಳಬಹುದಿತ್ತು. ಎಲ್ಲರ ನಡುವೆ ನಿಂತ.

“ಗೋವರ್ಧನಾ, ನನ್ ಕೈಗ್ ಎಂತದೂ ಆಯ್ಲಿಲ್ಲ. ನಾ ರೀಲಿಗ್ ವಿಂಚಿನ್ ಗ್ರೀಸ್ ತುಂಬ್ಸಿದ್ದೆ.”

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ತಿಳಿದ ಮೇಲೆ ಎದ್ದ ನಗು ಅಳಿವೆಯ ಆಚೆ ದಡಕ್ಕೂ ಕೇಳಿಸಿರಬೇಕು. ಒಬ್ಬ ಬಲೆಯ ಮೇಲೇ ಹೊರಳಿದ. ಸುಂದರಣ್ಣ ತಲೆ ಬಗ್ಗಿಸಿ ನಿಂತೇ ಇದ್ದ, ಹೋಗಲಿಲ್ಲ. ನೋಡುತ್ತಾ ನೋಡುತ್ತಾ ಅವನ ಭುಜಗಳೂ ಕುಣಿಯತೊಡಗಿದವು. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ನನಗೆ ಹೇಳಲು ಬಾರದು, ಎರಡೂ ಇದ್ದವು. ಗೋವರ್ಧನ ನಗು ನಿಲ್ಲಿಸಿ ಎದ್ದು ಬಂದು ಅವನ ಬಲಗೈ ಹಿಡಿದುಕೊಂಡ.

“ಹೆಮ್ಮಾಡಿಯವ್ರಿಗ್ ನಾ ಹೇಳ್ತೆ. ನಾಳಿ ಬೆಳಗಾತ ಹೊರಡುಕಿತ್ತ್ ಸುಂದರಣ್ಣ, ಬಪ್ಪುಕಾತ್ತಾ?” ಬರಲಾಗುತ್ತದೆಯೇ ಎಂದು ಅವನು ಕೇಳಿದ್ದು.

ಮರುದಿನ ಸಂಜೆ ನಾನು ಮೀನಿಗೆ ಹೋದಾಗ ಚಂದ್ರಮತಿಯ ಬುಟ್ಟಿಯಲ್ಲಿ ಮೊಣಕೈಯುದ್ದದ ಕೆಂಬೇರಿ ಒಂದೇ ಒಂದು ಮಲಗಿತ್ತು. ಯಾರ ದೋಣಿಯದ್ದು ಎಂದು ರೂಢಿಯಂತೆ ಕೇಳಿದೆ.

“ನಮ್ ಮನಿಯವ್ರ್ ಹಿಡ್ದದ್ದ್,” ಎಂದಳು.

ರೇಟೆಷ್ಟು ಎಂದೆ. ಮೀನನ್ನು ಒಮ್ಮೆ ಮಗುಚಿ ಮೈ ಸವರಿದಳು. ಸೆರಗಿನಲ್ಲಿ ಮುಖ ಒರೆಸಿಕೊಂಡು ಆಮೇಲೆ ಮಾಮೂಲಿನ ಎರಡು ಪಟ್ಟು ರೇಟು ಹೇಳಿದಳು. ಒಂದು ರೂಪಾಯಿ ಕಡಿಮೆ ಮಾಡು ಎನ್ನದೆ ಕೊಟ್ಟು, ಮೀನು ಹಿಡಿದುಕೊಂಡು ಮನೆಗೆ ಬಂದೆ.