ಹದಿನೇಳನೇ ನಂಬರಿನ ಹಾಲು

ಚಿಕ್ಕತಾಯಮ್ಮನ ಹಾಲಿನಲ್ಲಿ ನೀರಿರಲಿಲ್ಲ. ಇದೆ ಎಂದು ಊರಿಗೆಲ್ಲ ಸಂದೇಶ ಕಳಿಸಿದವಳು ನಾನು. ಯಂತ್ರವಲ್ಲ—ನಾನು. ಅದು ಸುಳ್ಳೆಂದು ಆ ಕ್ಷಣಕ್ಕೇ ನನಗೆ ಗೊತ್ತಿತ್ತು. ಎರಡು ವರ್ಷ ಬಾಯಿ ಬಿಡಲಿಲ್ಲ.

ನನ್ನದು ಸುಮ್ಮನಿರುವ ಬಾಯಲ್ಲ. ಭಾರತೀನಗರದಲ್ಲಿ ಕಾಲೇಜು ಓದುವಾಗ ಚರ್ಚಾಸ್ಪರ್ಧೆಗೆ ನನ್ನನ್ನು ವಿಷಯದ ಪರವಾಗಿಯೂ ನಿಲ್ಲಿಸುತ್ತಿದ್ದರು, ವಿರೋಧವಾಗಿಯೂ ನಿಲ್ಲಿಸುತ್ತಿದ್ದರು. ಎರಡರಲ್ಲೂ ಗೆದ್ದು ಬರುತ್ತಿದ್ದೆ. ಶಕುನ, ಹರಕೆ, ಆಣೆ—ಯಾರು ಏನೇ ಹೇಳಲಿ, "ಪುರಾವೆ ಏನು?" ಅನ್ನುವುದು ನನ್ನ ಮೊದಲ ಮಾತು. "ಇವಳ್ನ ಕಟ್ಕೊಳೋನು ಜೊತೇಲಿ ಒಬ್ಬ ಲಾಯರ್ನೂ ಕರ್ಕೊಂಡ್ ಬರ್ಬೇಕು ಕಣ್ಲಾ" ಎಂದು ಅಜ್ಜಿ ನನ್ನ ಚಿಕ್ಕಪ್ಪನಿಗೆ ಹೇಳಿ ನಗುತ್ತಿದ್ದಳು.

ಆ ಚಿಕ್ಕಪ್ಪನೇ ನಮ್ಮೂರ ಹಾಲಿನ ಡೇರಿಯ ಕಾರ್ಯದರ್ಶಿ. ಹಾಲು ಹಾಕಿದವರಿಗೆ ಫ್ಯಾಟು, ಡಿಗ್ರಿ—ಅಂದರೆ ಹಾಲಿನ ಕೊಬ್ಬು, ಗಟ್ಟಿತನ—ಬರೆದ ಚೀಟಿ ಕೊಡುವುದು ಡೇರಿಯ ಪದ್ಧತಿ. ಚೀಟಿ ಕಳೆಯುತ್ತಿತ್ತು, ನೆನೆಯುತ್ತಿತ್ತು. "ನೆಂಟಸ್ತನ ನೋಡಿ ಫ್ಯಾಟು ಬರೀತೀಯ" ಎಂದು ಜಗಳವೂ ಆಗುತ್ತಿತ್ತು. ಬಿಸಿಎ ಮುಗಿಸಿ ಮನೆಯಲ್ಲಿದ್ದ ನಾನು ಒಂದು ಬಾಟ್ ಮಾಡಿಕೊಟ್ಟೆ—ತಾನಾಗಿಯೇ ಸಂದೇಶ ಕಳಿಸುವ ಸಣ್ಣ ಪ್ರೋಗ್ರಾಮು. ಯಂತ್ರ ಹಾಲನ್ನು ಪರೀಕ್ಷಿಸಿದಂತೆಲ್ಲ ಅಂಕಿಗಳು ಇಂಟರ್‌ನೆಟ್ಟಿನಲ್ಲಿ ನಾನು ಕೊಟ್ಟ ಒಂದು ವಿಳಾಸಕ್ಕೆ ಬಂದು ಬೀಳುತ್ತವೆ. ಅದಕ್ಕೆ ವೆಬ್‌ಹುಕ್ ಅನ್ನುತ್ತೇವೆ. ಬೆಳಿಗ್ಗೆ ಎಂಟು ಗಂಟೆಗೆ ಬಾಟ್ ಒಬ್ಬೊಬ್ಬರ ಮೊಬೈಲಿಗೆ ಅವರವರ ಲೆಕ್ಕ ಕಳಿಸುತ್ತದೆ. ಯಾರ ಹಾಲಿನಲ್ಲಾದರೂ ನೀರು ಕಂಡರೆ ಎಚ್ಚರಿಕೆ ಹೋಗುತ್ತದೆ, ಅದೂ ಅವರೊಬ್ಬರಿಗೇ. ಹಾಲಿನವರೆಲ್ಲ ಇರುವ ಗ್ರೂಪಿಗೆ ಹೋಗಬೇಕಾದ್ದು ಸಭೆಯ ದಿನ, ದನದ ಡಾಕ್ಟರು ಬರುವ ದಿನ, ಅಷ್ಟೆ.

"ಯಂತ್ರಕ್ಕೆ ನೆಂಟರಿಲ್ಲ, ಜಾತಿಯಿಲ್ಲ, ಹಳೇ ದ್ವೇಷವಿಲ್ಲ" ಎಂದು ಡೇರಿಯ ಸಮಿತಿಯ ಮುಂದೆ ಭಾಷಣ ಬಿಗಿದಿದ್ದೆ. ಹದಿನೈದು ದಿನ ಚೀಟಿ ನಿಲ್ಲಿಸಿ ನೋಡೋಣ ಎಂದರು. ಹದಿನಾಲ್ಕು ದಿನ ಎಲ್ಲ ಸರಿಯಾಗಿ ನಡೆಯಿತು. ಮಾರನೆಯ ದಿನ ಸಮಿತಿ ಕೂತು ಕೊನೆಯ ತೀರ್ಮಾನ ಮಾಡಬೇಕು.

ಆ ದಿನಗಳಲ್ಲಿ ಯಾರ ಹಾಲಿನಲ್ಲೂ ನೀರು ಕಂಡಿರಲಿಲ್ಲ. ಹಾಗಾಗಿ ಎಚ್ಚರಿಕೆಯ ಸಂದೇಶ ಸರಿಯಾಗಿ ಹೋಗುತ್ತದೆಯೋ ಇಲ್ಲವೋ ಎಂಬುದು ನನಗೇ ಗೊತ್ತಿರಲಿಲ್ಲ. ಹಾಲು ತುಂಬಿಕೊಂಡು ಟ್ಯಾಂಕರು ಹೋದ ಮೇಲೆ ಒಂದು ಸುಳ್ಳು ಅಂಕಿ ಹಾಕಿ ಪರೀಕ್ಷೆ ಮಾಡಿದೆ. ಪ್ರೋಗ್ರಾಮು ಸದಸ್ಯರೊಬ್ಬರ ನಂಬರು ಕೇಳಿತು. ಹದಿನೇಳು ಎಂದು ಒತ್ತಿದೆ. ಯಾಕೆ ಹದಿನೇಳು? ಕಾರಣವೇ ಇಲ್ಲ—ಕಾರಣವಿದ್ದಿದ್ದರೆ ಅದನ್ನು ದ್ವೇಷ ಎಂದಾದರೂ ಕರೆಯಬಹುದಿತ್ತು. ಸಂದೇಶ ನನ್ನ ಮೊಬೈಲಿಗೆ ಬರಬೇಕಿತ್ತು. ಆದರೆ ಹಿಂದಿನ ದಿನ ಸಭೆಯ ಸೂಚನೆ ಕಳಿಸಿದವಳು ವಿಳಾಸದ ಜಾಗದಲ್ಲಿ ಹಾಲಿನವರ ಗ್ರೂಪನ್ನೇ ಬಿಟ್ಟಿದ್ದೆ.

"ಸದಸ್ಯ ಸಂಖ್ಯೆ 17, ಚಿಕ್ಕತಾಯಮ್ಮ. ಬೆಳಗಿನ ಹಾಲಿನಲ್ಲಿ ನೀರು ಬೆರೆತಿದೆ. ಮೊದಲ ಎಚ್ಚರಿಕೆ."

ನಾನು ಮತ್ತೊಮ್ಮೆ ಓದುವಷ್ಟರಲ್ಲಿ ಒಬ್ಬ ನಗುವ ಮುಖ ಹಾಕಿದ್ದ. ಆಮೇಲೆ ಇನ್ನೊಬ್ಬ. "ತಪ್ಪು ಸಂದೇಶ" ಎಂಬ ಎರಡೇ ಮಾತು ಟೈಪು ಮಾಡಿದ್ದರೆ ಮುಗಿದಿತ್ತು. ಬೆರಳು ಕೀಲಿಮಣೆಯ ಮೇಲೇ ಇತ್ತು. ಆದರೆ ನಾಳೆ ಸಮಿತಿ—ತಪ್ಪು ಮಾಡುವ ಯಂತ್ರ ನಮಗೇಕೆ ಅನ್ನುತ್ತಾರೆ, ನಾನು ಬಾಯಿ ಮುಚ್ಚಿಸಿದ ಗಂಡಸರೆಲ್ಲ ನಗುತ್ತಾರೆ—

ಅಷ್ಟಕ್ಕೇ ನಿಂತಿದ್ದರೆ ಹೇಡಿತನ ಎನ್ನಬಹುದಿತ್ತು. ಗಡಿಯಾರ ನೋಡಿದೆ. ಏಳು ಮುಕ್ಕಾಲು. ಇನ್ನು ಕಾಲು ಗಂಟೆಗೆ ಬಾಟ್ ಎಲ್ಲರ ಲೆಕ್ಕ ಕಳಿಸುತ್ತದೆ. ಚಿಕ್ಕತಾಯಮ್ಮನ ಮೊಬೈಲಿಗೆ ನಿಜವಾದ ಲೆಕ್ಕ ಹೋಗುತ್ತದೆ. ತೆರೆದು ನೋಡಿದೆ. ಒಳ್ಳೆಯ ಫ್ಯಾಟು, ಸರಿಯಾದ ಡಿಗ್ರಿ, ನೀರಿನ ಸುಳಿವಿಲ್ಲ. ಯಂತ್ರ ಹಳೆಯ ಅಂಕಿ ಇಟ್ಟುಕೊಳ್ಳುವುದಿಲ್ಲ, ಇದ್ದದ್ದು ಈ ಒಂದು ಸಾಲು; ಅದನ್ನು ಅಳಿಸಿದೆ. ನಾನು ಪರೀಕ್ಷೆ ಮಾಡಿದ ಗುರುತನ್ನೂ ಅಳಿಸಿದೆ. ಮಾತು ಮಾತಿಗೂ ಪುರಾವೆ ಕೇಳುತ್ತಿದ್ದವಳು ಎಂಟಕ್ಕೆ ಐದು ನಿಮಿಷ ಇರುವಾಗ ಪುರಾವೆಯನ್ನು ನಾಶ ಮಾಡಿ ಕೂತಿದ್ದೆ. ಚಿಕ್ಕಪ್ಪ ಬಂದು "ದಿಟವೇನವ್ವ ಇದು?" ಎಂದ. "ಕಂಪ್ಯೂಟರಿನಲ್ಲಿ ಹಾಗೇ ಬಂದಿದೆ" ಎಂದೆ.

ಮಾರನೆಯ ಬೆಳಿಗ್ಗೆ ಹಾಲು ಹಾಕುವವರ ಸಾಲಿನಲ್ಲೇ ಶುರುವಾಯಿತು. "ಏನ್ ಚಿಕ್ತಾಯಕ್ಕ, ನಿನ್ನೆ ಮಳೆ ನಿಮ್ಮನೆ ಕ್ಯಾನ್ ಮ್ಯಾಲೆ ಮಾತ್ರ ಉಯ್ತಾ?" ಎಂದು ಸಮಿತಿಯವನೊಬ್ಬ ಕೇಳಿದ. ಸಾಲು ನಕ್ಕಿತು. ಚಿಕ್ಕತಾಯಮ್ಮ, ದಿನಾ ಹಾಲು ಹೊತ್ತು ತರುತ್ತಿದ್ದ ಸೊಸೆ ರೂಪಾಳ ಕೈಗೆ ಖಾಲಿ ಕ್ಯಾನು ಕೊಟ್ಟು, ಸಮಿತಿ ಕೂತಿದ್ದ ಕೋಣೆಗೆ ನೇರವಾಗಿ ಬಂದಳು. ಸೆರಗಿನ ಗಂಟು ಬಿಚ್ಚಿದಳು, ಒಳಗೆ ಕರ್ಪೂರವಿತ್ತು. ನಮ್ಮ ಕಡೆ ಮಾತಿಗೆ ಸಾಕ್ಷಿಯಿಲ್ಲದಾಗ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡುತ್ತಾರೆ. ಸುಳ್ಳು ಹೇಳಿ ಆರಿಸಿದವರ ಮನೆ ಉಳಿಯುವುದಿಲ್ಲ ಎಂಬುದು ನಂಬಿಕೆ.

"ನಾನು ಒಂದ್ ತೊಟ್ಟು ನೀರು ಆಕಿದ್ರೆ ನನ್ ಕೊಟ್ಗೆ ಬರಿದಾಗೋಗ್ಲಿ" ಎಂದು ಹೊಸ್ತಿಲ ಮೇಲೆ ಕರ್ಪೂರ ಹಚ್ಚಿ ಅಂಗೈ ಇಟ್ಟಳು. ಆಮೇಲೆ ಇನ್ನೊಂದು ಬಿಲ್ಲೆ ಹಚ್ಚಿ ನನ್ನ ಕಡೆ ತಿರುಗಿದಳು. "ನಿನ್ ಮಿಸನ್ಗೆ ಕೈಯಿಲ್ಲ. ಅದ್ರ ಪರವಾಗಿ ನೀನ್ ಆರ್ಸವ್ವ. ಅದು ಏಳಿದ್ದು ದಿಟ ಅಂತ ಆರ್ಸು."

ಕರ್ಪೂರದ ಆಣೆಯಿಂದ ಏನೂ ಸಾಬೀತಾಗುವುದಿಲ್ಲ ಎಂದು ಗಂಟೆಗಟ್ಟಲೆ ವಾದಿಸಬಲ್ಲೆ. ಅಂದು ವಾದಿಸಲಿಲ್ಲ. ವಾದಿಸಿ ಎದ್ದು ಹೋಗಿದ್ದರೂ ಆಗುತ್ತಿತ್ತು—ಅವಳ ಆಣೆ ಗೆದ್ದಿರುತ್ತಿತ್ತು. ನಾನು ಬಾಗಿ, "ಯಂತ್ರ ಹೇಳಿದ್ದು ನಿಜ" ಎಂದು ಅಂಗೈ ಇಟ್ಟೆ. ನಂಬಿಕೆಯಿಲ್ಲದವಳಿಗೆ ಅದೆಷ್ಟು ಸಲೀಸು. ಚುರುಕ್ಕೆಂದಿತು, ಅಷ್ಟೆ. ಅದನ್ನು ನಂಬುವವರ ಎದುರು ನಂಬದವಳು ಆಣೆ ಮಾಡುವುದು ಎಂಥ ಮೋಸ ಎಂದು ಯೋಚಿಸಲಿಲ್ಲ. ಯೋಚಿಸಿದ್ದೆನೇನೋ—ಅದಕ್ಕೇ ಮಾಡಿದೆನೇನೋ.

ಅವಳು ನನ್ನನ್ನು ಸುಳ್ಳಿ ಅನ್ನುತ್ತಾಳೆ ಎಂದು ಕಾದೆ. ಉತ್ತರ ಸಿದ್ಧವಿತ್ತು. ಚಿಕ್ಕತಾಯಮ್ಮ ನನ್ನ ಅಂಗೈಯನ್ನೇ ನೋಡಿದಳು. "ಅಂಗಾರೆ ನಾನೂ ಸುಳ್ಳಾಡಿಲ್ಲ, ನೀನೂ ಆಡಿಲ್ಲ" ಎಂದಳು. ನಿಧಾನವಾಗಿ ಬಾಗಿಲ ಕಡೆ ತಿರುಗಿದಳು. ಅಲ್ಲಿ ರೂಪಾ ಕ್ಯಾನು ಹಿಡಿದು ನಿಂತಿದ್ದಳು.

"ಆಲು ಕರ್ದೋಳು ನಾನು. ಒತ್ಕೊಂಡ್ ಬಂದೋಳು ನೀನು."

ನಾನು ಎಷ್ಟೋ ಸಭೆಗಳಲ್ಲಿ ತರ್ಕ ಮಾಡಿದ್ದೇನೆ. ಅಷ್ಟು ನೇರವಾದ ತರ್ಕವನ್ನು ಇನ್ನೆಲ್ಲೂ ಕೇಳಿಲ್ಲ. ಎರಡು ಆಣೆಯೂ ನಿಜವಾದರೆ ಉಳಿಯುವವಳು ಒಬ್ಬಳೇ. ಅದರಲ್ಲಿ ಒಂದು ಆಣೆ ಸುಳ್ಳೆಂದು ತಿಳಿದಿದ್ದವಳು ಆ ಕೋಣೆಯಲ್ಲಿ ನಾನೊಬ್ಬಳೇ. ಆಗಲಾದರೂ ಹೇಳಬಹುದಿತ್ತು. ರೂಪಾ "ಇಲ್ಲ ಕಣತ್ತೆ, ಇಲ್ಲ ಕಣತ್ತೆ" ಅನ್ನುತ್ತಿದ್ದಳು. ನಾನು ಲ್ಯಾಪ್‌ಟಾಪು ಮುಚ್ಚಿದೆ. ಸಮಿತಿ ಬಾಟನ್ನು ಒಪ್ಪಿತು.

ಆಮೇಲೆ ಆ ಮನೆಯ ಹಾಲನ್ನು ಅತ್ತೆಯೇ ಹೊತ್ತು ತರತೊಡಗಿದಳು. ಸೊಸೆ ಕೊಟ್ಟ ನೀರನ್ನೂ ಮುಟ್ಟುತ್ತಿರಲಿಲ್ಲವಂತೆ. ಮದ್ದೂರಿನಲ್ಲಿ ಟೆಂಪೊ ಓಡಿಸುವ ರೂಪಾಳ ಗಂಡ, ತಾಯಿ ಕರ್ಪೂರ ಆರಿಸಿದ ಮೇಲೆ ನಾನೇನು ಹೇಳಲಿ ಎಂದು ಸುಮ್ಮನಾದ. ಮೂರು ತಿಂಗಳು ಇದ್ದು ಅವಳು ಮಳವಳ್ಳಿ ಹತ್ತಿರದ ತೌರಿಗೆ ಹೋದಳು. ಕರೆಯಲು ಯಾರೂ ಬರಲಿಲ್ಲ. ನಾನು ಮಂಡ್ಯಕ್ಕೆ ಬಂದು ಗುತ್ತಲಿನಲ್ಲಿ ರೂಮು ಮಾಡಿದೆ; ಅಂಗಡಿಗಳಿಗೆ, ಟ್ಯೂಷನ್ನಿನವರಿಗೆ ಇಂಥವೇ ಬಾಟ್ ಮಾಡಿಕೊಟ್ಟು ಬದುಕುತ್ತಿದ್ದೇನೆ.

ಹೋದ ತಿಂಗಳು ಮಳವಳ್ಳಿ ಬಸ್‌ಸ್ಟ್ಯಾಂಡಿನಲ್ಲಿ ರೂಪಾಳೇ ಬಂದು ಮಾತಾಡಿಸಿದಳು. ಊರಿನವರ ಕ್ಷೇಮ ಕೇಳಿದಳು, ಅತ್ತೆಯ ಮಂಡಿನೋವು ಕೇಳಿದಳು. ಆಮೇಲೆ, "ಪಲ್ಲವಿ, ನೀನು ಓದಿರೋಳು. ಮಿಸನ್ನು ತಪ್ಪು ಏಳ್ತದಾ?"

"ಅಪರೂಪಕ್ಕೆ" ಎಂದೆ. ಅಷ್ಟೇ ಎಂದೆ.

ಅವಳು ತಲೆಯಾಡಿಸಿದಳು. "ನಾನೂ ಯೋಚ್ನೆ ಮಾಡ್ದೆ. ಆವತ್ತು ಕ್ಯಾನ್ ತೊಳ್ದು ಬೋರಲು ಆಕಿದ್ನೋ ಇಲ್ವೋ... ತಳದಾಗೆ ಒಸಿ ನೀರು ನಿಂತಿತ್ತೇನೋ. ನಂದೇ ಇರ್ಬೇಕು, ಬುಡು."

ಬಸ್ಸು ಬಂತು, ಹತ್ತಿ ಹೋದಳು. ಮಾಡದ ತಪ್ಪಿಗೆ ಅವಳು ತನ್ನೊಳಗೇ ಪುರಾವೆ ಹುಡುಕಿಕೊಂಡಿದ್ದಳು. ಊರಿನವರು ನಂಬಿದ್ದನ್ನು ನಾನು ಸಹಿಸಿಕೊಂಡಿದ್ದೆ. ಇದನ್ನು—

ನಿನ್ನೆ ಅವಳ ತೌರಿಗೆ ಹೋದೆ. ರಾಗಿ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಎಲ್ಲ ಹೇಳಿದೆ: ಹದಿನೇಳು, ಕಾಲು ಗಂಟೆ, ಅಳಿಸಿದ ಸಾಲು, ಅಂಗೈ. ಜರಡಿ ನಿಂತಿತು. ಅಳುತ್ತಾಳೆ, ಬಯ್ಯುತ್ತಾಳೆ ಎಂದುಕೊಂಡಿದ್ದೆ. ಬಯ್ದಿದ್ದರೆ ನನಗೆ ಹಗುರವಾಗುತ್ತಿತ್ತು. ಅದು ಅವಳಿಗೂ ತಿಳಿದಂತಿತ್ತು.

"ನಂಗೇಳಿ ಏನಾಗ್ಬೇಕು?" ಎಂದಳು. "ನಾಳಿದ್ದು ಬೆಳಿಗ್ಗೆ ಆಲು ಆಕೋ ವತ್ನಲ್ಲಿ ಡೇರಿ ತಾವ ಏಳು. ಫೋನ್ನಾಗಲ್ಲ. ಬಾಯಲ್ಲಿ. ನಾನೂ ಬತ್ತೀನಿ, ಒಳೀಕ್ ಬರಕಿಲ್ಲ. ರಸ್ತೇಲಿ ನಿಂತಿರ್ತೀನಿ. ನಂಗೆ ಕೇಳುಸ್ಬೇಕು."

ಆ ಗ್ರೂಪಿಗೆ ಸಂದೇಶ ಕಳಿಸುವ ಅಧಿಕಾರ ಇವತ್ತಿಗೂ ನನ್ನ ಬಳಿ ಇದೆ. ನಾಲ್ಕು ಸಾಲು ಬರೆದು, ಸಮಯ ಗೊತ್ತು ಮಾಡಿ, ಫೋನು ಆರಿಸಿ ಮಲಗಿಬಿಡಬಹುದು. ನಿನ್ನೆಯವರೆಗೆ ಹಾಗೇ ಮಾಡೋಣ ಎಂದುಕೊಂಡಿದ್ದೆ.

ನಾಳೆ ಮೊದಲ ಬಸ್ಸಿಗೆ ಹೊರಡುತ್ತೇನೆ. ಚಿಕ್ಕತಾಯಮ್ಮ ಸಾಲಿನಲ್ಲಿ ನಿಂತಿರುತ್ತಾಳೆ, ಚಿಕ್ಕಪ್ಪ ಯಂತ್ರದ ಮುಂದೆ ಇರುತ್ತಾನೆ. ಡೇರಿಯ ಬಾಗಿಲಿಂದ ರಸ್ತೆಗೆ ಇಪ್ಪತ್ತು ಹೆಜ್ಜೆ. ಅಲ್ಲಿಗೆ ಮುಟ್ಟುವಷ್ಟು ಗಟ್ಟಿಯಾಗಿ ಹೇಳಬೇಕು. ಕೇಳಿಸಿಕೊಂಡ ಮೇಲೆ ರೂಪಾ ಒಳಗೆ ಬರುತ್ತಾಳೋ, ತಿರುಗಿ ಬಸ್ಸು ಹತ್ತುತ್ತಾಳೋ—ಅದನ್ನು ಕೇಳುವ ಹಕ್ಕು ನನಗಿಲ್ಲ.